ಹದಿನೇಳನೆಯ ಬಿಲ್ಲೆ

"ಇಂಥವರು ರಜೆ ಹಾಕೋದಿಲ್ಲ ಸರ್."

ಈ ಒಂದು ಮಾತನ್ನು ನಾನು ಎಷ್ಟು ಕಾರ್ಖಾನೆಗಳಲ್ಲಿ ಕುಳಿತು ಆಡಿದ್ದೇನೋ ಲೆಕ್ಕವಿಟ್ಟಿಲ್ಲ. ಮೊದಲು ಯಾರ ಬಾಯಿಂದ ಕೇಳಿ ಕಲಿತೆನೋ ಅದೂ ನೆನಪಿಲ್ಲ. ಆಡಿದಾಗ ಎದುರಿಗಿದ್ದ ಮಾಲೀಕರ ಮುಖದ ಬಿಗಿ ಸ್ವಲ್ಪ ಸಡಿಲವಾಗುತ್ತಿತ್ತು. ಅಷ್ಟು ಕಂಡರೆ ಸಾಕಿತ್ತು ನನಗೆ, ಇನ್ನೊಮ್ಮೆ ಒತ್ತಿ ಹೇಳುತ್ತಿದ್ದೆ.

ಎಂಬತ್ತರ ದಶಕದ ನಡುವಿನ ವರ್ಷಗಳವು. ಉದ್ಯೋಗ ವಿನಿಮಯ ಕಚೇರಿಯಲ್ಲಿ ಅಂಗವಿಕಲ ಅಭ್ಯರ್ಥಿಗಳ ಕಾರ್ಡುಗಳಿದ್ದ ಡಬ್ಬ ನನ್ನ ಮೇಜಿನ ಮೇಲಿತ್ತು. ಅಂಗವಿಕಲರು ಎನ್ನುವುದೇ ಆಗಿನ ಪದ. ಕೆಜಿಎಫ್ ಮತ್ತು ಬಂಗಾರಪೇಟೆಯ ಖಾಸಗಿ ಕಾರ್ಖಾನೆಗಳನ್ನು ಸುತ್ತಿ, ಇವರಿಗೂ ಕೆಲಸ ಕೊಡಿ ಎಂದು ಮಾಲೀಕರನ್ನು ಒಪ್ಪಿಸುವುದು ನನ್ನ ಪಾಲಿಗೆ ಬಂದಿತ್ತು. ಕೊಡಲೇಬೇಕು ಎನ್ನಲು ಖಾಸಗಿಯವರ ಮೇಲೆ ಯಾವ ಕಾನೂನೂ ಇರಲಿಲ್ಲ. ಬಾಯಿ ಇತ್ತು. ನನ್ನ ಬಾಯಿಯ ಬಗ್ಗೆ ನಮ್ಮತ್ತೆ ಮದುವೆಯಾದ ವಾರದಲ್ಲೇ ತಮ್ಮ ಅಭಿಪ್ರಾಯ ಹೇಳಿದ್ದರು. ಅದು ಸರ್ಕಾರದ ಕೆಲಸಕ್ಕೂ ಬರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಆ ಹುಡುಗಿ ಕಾಮಸಮುದ್ರದ ಕಡೆಯ ಹಳ್ಳಿಯವಳು. ಇಪ್ಪತ್ತೆರಡು ವರ್ಷ, ಎಸ್ಸೆಸ್ಸೆಲ್ಸಿ ಪಾಸಾಗಿತ್ತು. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋ ಬಂದು ಬಲಗಾಲು ಸೊರಗಿತ್ತು. ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತಿದ್ದಳು. ಕಾಲಿನ ಎರಡೂ ಪಕ್ಕ ಕಬ್ಬಿಣದ ಕಂಬಿ, ತೊಡೆಗೊಂದು ಮೀನಖಂಡಕ್ಕೊಂದು ಚರ್ಮದ ಪಟ್ಟಿ, ಕೆಳಗೆ ದಪ್ಪ ಬೂಟು. ಹೆಸರು ನೋಂದಾಯಿಸಿ ನಾಲ್ಕು ವರ್ಷವಾಗಿತ್ತು, ಒಂದು ಸಂದರ್ಶನದ ಪತ್ರವೂ ಹೋಗಿರಲಿಲ್ಲ. ಕಾರ್ಡು ನವೀಕರಿಸಲು ಬಂದ ದಿನ ಜೊತೆಗೆ ತಾಯಿ ಬಂದಿದ್ದಳು. ಕೂಲಿ ಮಾಡುವ ಹೆಂಗಸು. ಮಾತು ಅರ್ಧ ಕನ್ನಡ, ಅರ್ಧ ತೆಲುಗು.

"ನಾನಿರೋತಂಕ ಮುದ್ದೆ ಆಕ್ತೀನಿ ತಾಯೀ. ನಾನ್ ಓದ್ಮೇಲೆ ಅಣ್ಣಂದಿರು ನೋಡ್ತಾರಾ, ಅತ್ತಿಗೇರು ನೋಡ್ತಾರಾ? ಕೆಲ್ಸ ಅಂತ ಒಂದಿದ್ರೆ ಇದು ಯಾರ್ ಬಾಗ್ಲಲ್ಲೂ ಕೂತ್ಕಳ್ಳಾದು ಬ್ಯಾಡ. ಮೀರೇ ದಿಕ್ಕು ತಾಯೀ."

"ಸುಮ್ನಿರಮ್ಮೋ ನೀನು," ಎಂದಳು ಮಗಳು. ನನ್ನ ಕಡೆ ತಿರುಗಿ, "ಕೂತ್ಕಂಡು ಮಾಡೋ ಕೆಲ್ಸ ಯಾವ್ದಾದ್ರೂ ಸರಿ ಅಮ್ಮಾ. ಕೈ ಗಟ್ಟಿ ಐತೆ," ಎಂದು ಎರಡೂ ಅಂಗೈ ಚಾಚಿ ತೋರಿಸಿದಳು.

ಬಂಗಾರಪೇಟೆಯಲ್ಲಿ ರೈಲುಹಳಿಯ ಆಚೆ ಟ್ಯೂಬ್‌ಲೈಟಿನ ಚೋಕ್ ತಯಾರಿಸುವ ಒಂದು ಸಣ್ಣ ಕಾರ್ಖಾನೆ ಇತ್ತು. ಮೂವತ್ತರಷ್ಟು ಹೆಂಗಸರು ಸಾಲಾಗಿ ಕುಳಿತು ತಾಮ್ರದ ತಂತಿಯ ಕಾಯಿಲ್ ಸುತ್ತುತ್ತಿದ್ದರು. ಮಾಲೀಕರು ಗಣಿಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಬಿಟ್ಟು ಬಂದು ಇದನ್ನು ಹಾಕಿದವರು. ಮನೆಮಾತು ತಮಿಳು. ಇಪ್ಪತ್ತೈದಕ್ಕಿಂತ ಹೆಚ್ಚು ಕೆಲಸಗಾರರಿದ್ದವರು ಮೂರು ತಿಂಗಳಿಗೊಮ್ಮೆ ನಮ್ಮ ಕಚೇರಿಗೆ ಕೆಲಸಗಾರರ ಲೆಕ್ಕದ ಒಂದು ತಃಖ್ತೆ ಕಳಿಸಬೇಕಿತ್ತು. ಅವರು ಕಳಿಸುತ್ತಿರಲಿಲ್ಲ. ಅದನ್ನು ಕೇಳುವ ನೆಪದಲ್ಲಿ ಒಳಗೆ ಹೋದೆ.

ಮೊದಲ ಸಲ ಟೀ ಕೊಟ್ಟು ಕಳಿಸಿದರು. ಎರಡನೆಯ ಸಲ ಟೀ ಕೂಡ ಇಲ್ಲ. ಮೂರನೆಯ ಸಲ, "ಎನ್ನ ಮೇಡಂ, ಮೆಷಿನ್ ನೋಡಿ ಮಾತಾಡಿ. ಪೆಡಲ್ ಬಲಗಡೆ ಇದೆ. ಆ ಹುಡುಗೀದು ಬಲಗಾಲೇ ಇಲ್ಲ ಅಂತೀರಿ," ಎಂದರು.

ಮಾತು ಸರಿಯಾಗಿತ್ತು. ಪುಟ್ಟ ಮೋಟರಿನ ಯಂತ್ರ ಅದು, ಹೊಲಿಗೆ ಯಂತ್ರದ ಹಾಗೆ ಬಲಗಾಲಲ್ಲಿ ಪೆಡಲ್ ಒತ್ತಿ ವೇಗ ಹಿಡಿಯಬೇಕು, ಕೈಯಲ್ಲಿ ತಂತಿ ನಡೆಸಬೇಕು. ಪೆಡಲನ್ನು ಎಡಕ್ಕೆ ತಂದರೆ ಏನಾಗುತ್ತದೆ ಎಂದು ಕೇಳಿದೆ. ಅಲ್ಲಿನ ಫಿಟ್ಟರ್ ಬೋಲ್ಟು ಬಿಚ್ಚಿ, ವೈರು ಉದ್ದ ಮಾಡಿ ಅರ್ಧ ಗಂಟೆಯಲ್ಲಿ ಎಡಕ್ಕೆ ಹಾಕಿಕೊಟ್ಟ. ಎಡಗಾಲಲ್ಲಿ ವೇಗ ಹಿಡಿತಕ್ಕೆ ಬರುವುದಿಲ್ಲ ಎಂದು ಮಾಲೀಕರ ಹೊಸ ತಕರಾರು. ಹಾಗಾದರೆ ನಾನೇ ನೋಡುತ್ತೇನೆ ಎಂದೆ. ಒಂದು ಮರದ ಪಟ್ಟಿ ಇಸಿದುಕೊಂಡು, ಬಲಗಾಲಿಗೆ ಇಟ್ಟು ಟವೆಲ್ಲಿನಲ್ಲಿ ಬಿಗಿದು, ಆ ಸ್ಟೂಲಿನ ಮೇಲೆ ಕುಳಿತೆ. ಹೆಂಗಸರೆಲ್ಲ ಕೆಲಸ ನಿಲ್ಲಿಸಿ ನಕ್ಕರು. ಮೂರು ಸಲ ತಂತಿ ತುಂಡಾಯಿತು. ಮಧ್ಯಾಹ್ನದ ಊಟದ ಗಂಟೆಯ ಹೊತ್ತಿಗೆ ಒಂದು ಕಾಯಿಲ್ ಒಪ್ಪವಾಗಿ ಬಂತು. ಮಾಲೀಕರು ಅದನ್ನು ತಿರುಗಿಸಿ ನೋಡಿ, "ನಾಳೆ ಕರಕೊಂಡು ಬಾಮ್ಮ," ಎಂದರು. ಆ ದಿನ ರೈಲು ಹತ್ತಿ ಉರಿಗಾಂನ ನನ್ನ ಮನೆ ಸೇರುವವರೆಗೂ ನನ್ನ ಕಾಲು ನೆಲಕ್ಕೆ ತಾಗಲಿಲ್ಲ.

ಮರುದಿನ ಹುಡುಗಿಯನ್ನು ಕರೆದುಕೊಂಡು ಹೋದೆ. ಆಕೆ ನನಗಿಂತ ಬೇಗ ಕಲಿತಳು. ಆದರೂ ಮಾಲೀಕರಿಗೆ ಒಂದು ಅನುಮಾನ ಉಳಿದಿತ್ತು.

"ಈ ಕಾಲು ಅಂತ ವಾರಕ್ಕೊಂದು ದಿನ ಲೀವ್ ಹಾಕಿದ್ರೆ ನನ್ ಲೈನ್ ನಿಂತೋಗುತ್ತೆ ಮಾ."

"ಇಂಥವರು ರಜೆ ಹಾಕೋದಿಲ್ಲ ಸರ್. ಬೇರೆಯವರು ಹಾಕಬಹುದು, ಈಕೆ ಒಂದು ದಿನವೂ ಹಾಕುವುದಿಲ್ಲ. ನಾನು ಜವಾಬ್ದಾರಿ."

ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ಹೌದೆಂದು ತಲೆಯಾಡಿಸಿದಳು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಹೊರಗೆ ಬಂದ ಮೇಲೆ ಗೇಟಿನ ಹತ್ತಿರ ಅವಳ ಭುಜ ಹಿಡಿದು, "ನೋಡು, ನನ್ನ ಮಾನ ನಿನ್ನ ಕೈಯಲ್ಲಿದೆ. ನೀನು ಒಂದು ದಿನ ತಪ್ಪಿಸಿದರೂ ಇನ್ನು ಮುಂದೆ ನಿನ್ನಂಥವರನ್ನು ಯಾರೂ ತೆಗೆದುಕೊಳ್ಳುವುದಿಲ್ಲ," ಎಂದೆ. ದೊಡ್ಡ ಬುದ್ಧಿವಾದ ಹೇಳಿದೆ ಎಂದುಕೊಂಡಿದ್ದೆ.

ಆ ಕಾರ್ಖಾನೆಯಲ್ಲಿ ಹಾಜರಿಗೆ ಬಿಲ್ಲೆಯ ಪದ್ಧತಿ. ಗಣಿಯಿಂದ ಬರುವಾಗ ಮಾಲೀಕರು ತಂದದ್ದು. ಗಣಿಗೆ ಇಳಿಯುವ ಪ್ರತಿಯೊಬ್ಬನೂ ಹಲಗೆಯ ಮೊಳೆಯಿಂದ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಇಳಿಯಬೇಕು, ಮೇಲೆ ಬಂದು ಮತ್ತೆ ಅದೇ ಮೊಳೆಗೆ ಹಾಕಬೇಕು. ಪಾಳಿ ಮುಗಿದ ಮೇಲೂ ಒಂದು ಮೊಳೆ ಖಾಲಿ ಇದ್ದರೆ ಒಬ್ಬ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದರ್ಥ, ಹುಡುಕಲು ಇಳಿಯುತ್ತಾರೆ. ಇಲ್ಲಿ ಬಂಗಾರಪೇಟೆಯ ಶೆಡ್ಡಿನಲ್ಲಿ ಯಾರನ್ನು ಹುಡುಕುವುದು? ಬೆಳಿಗ್ಗೆ ಗಂಟೆ ಹೊಡೆದ ಮೇಲೆ ಗುಮಾಸ್ತ ಹಲಗೆ ನೋಡುತ್ತಿದ್ದ. ಬಿಲ್ಲೆ ಮೊಳೆಯಲ್ಲೇ ಇದ್ದರೆ ಗೈರು, ಖಾಲಿಯಿದ್ದರೆ ಹಾಜರು. ಸಂಜೆ ಹೆಂಗಸರು ಬಸ್ಸಿನ ಅವಸರದಲ್ಲಿ ಬಿಲ್ಲೆಗಳನ್ನು ಗೇಟಿನ ಬಳಿಯ ತಗಡಿನ ಡಬ್ಬಕ್ಕೆ ಎಸೆದು ಓಡುತ್ತಿದ್ದರು. ವಾಚ್‌ಮನ್ ಮರುದಿನ ಬೆಳಿಗ್ಗೆ ಬಾಗಿಲು ತೆಗೆದು ಅವನ್ನು ಮೊಳೆಗಳಿಗೆ ತಗಲಿಸುತ್ತಿದ್ದ. ಹುಡುಗಿಯ ನಂಬರು ಹದಿನೇಳು.

ಹನ್ನೊಂದು ತಿಂಗಳು ಹದಿನೇಳರ ಬಿಲ್ಲೆ ಒಂದು ದಿನವೂ ಗಂಟೆಯ ನಂತರ ಮೊಳೆಯ ಮೇಲೆ ಉಳಿಯಲಿಲ್ಲ. ಈ ಸುದ್ದಿಯನ್ನು ನಾನು ಊರೆಲ್ಲ ಹಂಚಿದೆ. ಅಕ್ಕಿ ಗಿರಣಿಯ ಮಾಲೀಕರೊಬ್ಬರನ್ನೂ ಮುದ್ರಣಾಲಯದ ಮಾಲೀಕರೊಬ್ಬರನ್ನೂ ಕರೆದುಕೊಂಡು ಹೋಗಿ ಆ ಹಲಗೆಯ ಮುಂದೆ ನಿಲ್ಲಿಸಿದೆ. ಚೋಕ್ ಮಾಲೀಕರು ಖಾಲಿ ಮೊಳೆಯ ಮೇಲೆ ಬೆರಳಿಟ್ಟು, "ಪಾರುಂಗ ಸರ್, ಕಾಲಿದ್ದೋರೆಲ್ಲ ಲೀವು. ಕಾಲಿಲ್ಲದ್ದು ಡೈಲಿ ಡ್ಯೂಟಿ," ಎಂದರು. ಹುಡುಗಿ ತಲೆ ಎತ್ತದೆ ತಂತಿ ನಡೆಸುತ್ತಿದ್ದಳು. ಇಬ್ಬರೂ ಒಬ್ಬೊಬ್ಬರನ್ನು ತೆಗೆದುಕೊಳ್ಳಲು ಒಪ್ಪಿದರು. ಗಿರಣಿಗೆ ಒಂದು ಕೈ ಇಲ್ಲದ ಗುಮಾಸ್ತ, ಮುದ್ರಣಾಲಯಕ್ಕೆ ಅಚ್ಚಿನ ಮೊಳೆ ಜೋಡಿಸಲು ಕಿವಿ ಕೇಳದ ಒಬ್ಬ. ಇಬ್ಬರ ಹೆಸರನ್ನೂ ಕಳಿಸುವ ಪತ್ರಗಳನ್ನು ನಾನು ಆ ಸಂಜೆಯೇ ಬೆರಳಚ್ಚು ಮಾಡಿಸಿದೆ.

ಅದಾದ ಹತ್ತು ಹದಿನೈದು ದಿನಕ್ಕೆ ಬಂಗಾರಪೇಟೆಯ ಬಸ್ ನಿಲ್ದಾಣದಲ್ಲಿ ಅವಳು ಕಂಡಳು. ಕಲ್ಲುಬೆಂಚು ಖಾಲಿ ಇತ್ತು. ಆದರೂ ಕಂಬಕ್ಕೆ ಒರಗಿ ನಿಂತಿದ್ದಳು.

"ಕಾಲು ಹೇಗಿದೆ?"

"ಸೆಂದಾಗೈತೆ ಅಮ್ಮಾ."

"ಯಾಕೆ ನಿಂತಿದ್ದೀಯ?"

"ಕೂತ್ರೆ ಏಳಾದು ತಡ ಆಯ್ತದೆ. ಬಸ್ಸು ಓಗ್ಬುಡ್ತದೆ."

ಹತ್ತಿರ ನಿಂತಾಗ ಅರಿಶಿನದ ವಾಸನೆ ಬಂತು. ಅರಿಶಿನದ ಕೆಳಗೆ ಇನ್ನೊಂದು ವಾಸನೆಯೂ ಇತ್ತು. ನನ್ನ ಮೂಗು ಚೆನ್ನಾಗಿಯೇ ಇದೆ. ಮನೆಗೆ ಹೋಗುವ ಮಾರಿಕುಪ್ಪಂ ರೈಲಿನ ಹೊತ್ತಾಗಿತ್ತು, ಹೋಗಿ ಹತ್ತಿಕೊಂಡೆ. ಒಬ್ಬ ಹೆಂಗಸಿಗೆ ಇನ್ನೊಬ್ಬ ಹೆಂಗಸು ಹೇಳಿಕೊಳ್ಳಲಿ ಎಂದೇ ನನ್ನನ್ನು ಆ ಮೇಜಿಗೆ ಹಾಕಿದ್ದರು. ಹೇಳಿಕೊಳ್ಳದ ಹಾಗೆ ಮಾಡಿದ್ದು ನಾನೇ ಎಂದು ಆಗ ಹೊಳೆಯಲಿಲ್ಲ.

ನಡೆದದ್ದು ನನಗೆ ಆಮೇಲೆ ತಿಳಿಯಿತು. ಮೀನಖಂಡದ ಪಟ್ಟಿ ಹರಿದಿತ್ತು. ಕ್ಯಾಲಿಪರ್ ರಿಪೇರಿಗೆ ಬೆಂಗಳೂರಿಗೆ ಹೋಗಬೇಕು, ಎರಡು ದಿನದ ಕೆಲಸ. ಎರಡು ದಿನ ಎಲ್ಲಿಂದ ತರುವುದು? ಊರಿನಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ದಪ್ಪ ಚರ್ಮದ ತೇಪೆ ಹಾಕಿಸಿಕೊಂಡಳು. ತೇಪೆಯ ಅಂಚು ಒತ್ತಿ ಹುಣ್ಣಾಯಿತು. ಸೊರಗಿದ ಕಾಲಿನ ಹುಣ್ಣು ಬೇಗ ಮಾಯುವುದಿಲ್ಲ. ಅರಿಶಿನ ಮೆತ್ತಿ, ಬಟ್ಟೆ ಸುತ್ತಿ, ಅದರ ಮೇಲೇ ಪಟ್ಟಿ ಬಿಗಿದು ಎರಡು ತಿಂಗಳು ಬಂದಳು. ಪಕ್ಕದಲ್ಲಿ ಕೂರುತ್ತಿದ್ದವರು ರಜೆ ಹಾಕು ಎಂದರೆ, "ನಾನಾಕಿದ್ರೆ ಇನ್ನಿಬ್ರ ಕೆಲ್ಸ ಓಯ್ತದಂತೆ," ಎನ್ನುತ್ತಿದ್ದಳಂತೆ.

ಒಂದು ಸಂಜೆ ಗಂಟೆ ಹೊಡೆದ ಮೇಲೆ ಆಕೆ ಹಿಂದಿನ ಗೋಡೌನಿಗೆ ಹೋದಳು. ಜ್ವರ ಇತ್ತು. ಬಸ್ಸಿಗೆ ನಡೆಯುವ ಮೊದಲು ಪಟ್ಟಿ ಸ್ವಲ್ಪ ಸಡಿಲ ಮಾಡಿಕೊಳ್ಳೋಣ ಎಂದು ತಂತಿಯ ಸುರುಳಿಗಳ ಹಿಂದೆ ಕುಳಿತವಳು ಅಲ್ಲೇ ಎಚ್ಚರ ತಪ್ಪಿ ಬಿದ್ದಳು. ಉಳಿದವರು ಬಿಲ್ಲೆ ಎಸೆದು ಓಡಿದರು. ವಾಚ್‌ಮನ್ ಕೂಗಿ ನೋಡಿ ಬೀಗ ಹಾಕಿದ. ಬಸ್ಸು ತಪ್ಪಿದ ದಿನ ಅವಳು ಬಂಗಾರಪೇಟೆಯಲ್ಲೇ ಒಬ್ಬ ಗೆಳತಿಯ ಮನೆಯಲ್ಲಿ ಉಳಿಯುವುದಿತ್ತು, ಹಾಗಾಗಿ ಹಳ್ಳಿಯಲ್ಲಿ ತಾಯಿಯೂ ಗಾಬರಿಯಾಗಲಿಲ್ಲ.

ಬೆಳಿಗ್ಗೆ ವಾಚ್‌ಮನ್ ಡಬ್ಬದಲ್ಲಿದ್ದ ಬಿಲ್ಲೆಗಳನ್ನು ತಗಲಿಸಿದ. ಒಂದು ಕಡಿಮೆಯಿತ್ತು, ಎಣಿಸುವ ರೂಢಿ ಅವನಿಗಿರಲಿಲ್ಲ. ಗಂಟೆಯಾಯಿತು. ಗುಮಾಸ್ತ ಹಲಗೆ ನೋಡಿದ. ಹದಿನೇಳನೆಯ ಮೊಳೆ ಖಾಲಿ. ಎಂದಿನಂತೆ ಹಾಜರಿ ಹಾಕಿದ. ಪಕ್ಕದವರು ಖಾಲಿ ಸ್ಟೂಲು ನೋಡಿ, ಕೊನೆಗೂ ರಜೆ ಹಾಕಿದಳು ಎಂದುಕೊಂಡರು.

ಹತ್ತೂವರೆಗೆ ತಂತಿ ತರಲು ಗೋಡೌನಿಗೆ ಹೋದ ಹೆಂಗಸು ಕಿರುಚಿದಾಗಲೇ ಗೊತ್ತಾದದ್ದು.

ಕೀವು ಮೂಳೆಗೆ ಇಳಿದಿತ್ತು. ಜೀವ ಬೇಕಾದರೆ ಕಾಲು ತೆಗೆಯಬೇಕು ಎಂದರು ಡಾಕ್ಟರು. ಮೊಣಕಾಲಿನ ಮೇಲೆ ತೆಗೆದರು. ನಾನು ವಾರ್ಡಿಗೆ ಹೋದಾಗ ಹುಡುಗಿ ಮಂಪರಿನಲ್ಲಿದ್ದಳು. ತಾಯಿ ಮಂಚದ ಕೆಳಗೆ ನೆಲದ ಮೇಲೆ ಕುಳಿತಿದ್ದಳು. ಬೈದರೆ ಬೈಸಿಕೊಳ್ಳೋಣ ಎಂದು ದಾರಿಯುದ್ದಕ್ಕೂ ತಯಾರಾಗಿ ಬಂದಿದ್ದೆ. ಅವಳು ಬೈಯಲಿಲ್ಲ. ಸೆರಗಿನ ಗಂಟು ಬಿಚ್ಚಿ ಹಿತ್ತಾಳೆ ಬಿಲ್ಲೆ ತೆಗೆದು ನನ್ನ ಕೈಯಲ್ಲಿಟ್ಟಳು.

"ಇದು ಅವ್ಳ ಮುಷ್ಟೀಲಿತ್ತಂತೆ ತಾಯೀ. ಸಾವ್ಕಾರ್ರಿಗೆ ಕೊಟ್ಬುಡಿ. ಕಳ್ದಾಕ್ಬುಟ್ಳು ಅಂದ್ಕಂಡಾರು."

ನನಗೆ ಅಳು ಬಂತು. ಆಸ್ಪತ್ರೆಯ ಹಿಂದೆ ಹೋಗಿ ಅತ್ತೆ. ಅತ್ತದ್ದರಿಂದ ಯಾರಿಗೂ ಏನೂ ಆಗಲಿಲ್ಲ.

ಆ ವಾರದಲ್ಲಿ ಗಿರಣಿಯಿಂದಲೂ ಮುದ್ರಣಾಲಯದಿಂದಲೂ ಒಂದೇ ಉತ್ತರ ಬಂತು. ಬೇಡ ಮೇಡಂ, ಪಾಪ, ಅಂಥವರಿಗೆ ನಾವು ತೊಂದರೆ ಕೊಡುವುದು ಬೇಡ. ನೇಮಕದ ಪತ್ರ ಕೈಗೆ ಬರುವುದೊಂದೇ ಬಾಕಿಯಿದ್ದ ಇಬ್ಬರು ಮನೆಯಲ್ಲೇ ಉಳಿದರು. ಅವಳು ಕಾಲು ಕೊಟ್ಟು ಕಾಪಾಡಿದ ಆ ಎರಡು ಕೆಲಸಗಳೂ ಹೀಗೆ ಹೋದವು. ಎಲ್ಲರೂ ಕಾಲಿನ ಮೇಲೆ ಹಾಕಿ ಮಾತಾಡುತ್ತಿದ್ದರು. ಕಾಲು ಹಾಗಿದ್ದುದರಿಂದ ಹೀಗಾಯಿತು ಎಂದು. ನನ್ನ ಮೇಲಿನವರೂ ಅದನ್ನೇ ಬರೆದು ಕಡತ ಮುಗಿಸು ಎಂದರು. ಬರೆದಿದ್ದರೆ ನಾನೂ ಬಚಾವಾಗುತ್ತಿದ್ದೆ.

ಮೂರು ದಿನ ಆ ಹಾಳೆಯನ್ನು ಮುಂದಿಟ್ಟುಕೊಂಡು ಕುಳಿತೆ. ನಾಲ್ಕನೆಯ ದಿನ ಚೋಕ್ ಮಾಲೀಕರ ಬಳಿ ಹೋಗಿ, ಆ ಇಬ್ಬರು ಮಾಲೀಕರನ್ನೂ ಇನ್ನೊಮ್ಮೆ ಕರೆಸಿ, ಒಂದು ಮಾತಿದೆ ಎಂದೆ. ಏನೂ ಕೇಳದೆ ಕರೆಸಿದರು. ಅದೇ ಹಲಗೆಯ ಮುಂದೆ ನಾಲ್ಕು ಕುರ್ಚಿ ಹಾಕಿದ್ದರು. ಬಿಲ್ಲೆಯನ್ನು ಮೇಜಿನ ಮೇಲಿಟ್ಟೆ.

"ಕಾಲಿನಿಂದ ಹೀಗಾಗಲಿಲ್ಲ. ನನ್ನ ಮಾತಿನಿಂದ ಆಯಿತು. ಇಂಥವರು ರಜೆ ಹಾಕುವುದಿಲ್ಲ ಎಂದು ನಿಮಗೆಲ್ಲ ಹೇಳಿದವಳು ನಾನು. ಅದು ಸುಳ್ಳು. ಅವರು ರಜೆ ಹಾಕುತ್ತಾರೆ. ಕ್ಯಾಲಿಪರ್ ಸವೆದರೆ ಹಾಕಬೇಕು, ಹುಣ್ಣಾದರೆ ಹಾಕಬೇಕು. ಆರು ತಿಂಗಳಿಗೆ ಎರಡು ದಿನ ಅಂತ ಬರೆದುಕೊಟ್ಟು ತೆಗೆದುಕೊಳ್ಳುವುದಾದರೆ ತೆಗೆದುಕೊಳ್ಳಿ."

ಗಿರಣಿಯವರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. "ಇದನ್ನ ಮೊದ್ಲೇ ಯೋಳಿದ್ರೆ ನಾನ್ ಬತ್ತಾನೇ ಇರ್ಲಿಲ್ಲ," ಎಂದರು. ಮುದ್ರಣಾಲಯದವರು ಯೋಚಿಸಿ ಹೇಳುತ್ತೇನೆ ಎಂದು ಹೋದರು, ಇವತ್ತಿನವರೆಗೂ ಯೋಚಿಸುತ್ತಿದ್ದಾರೆ. ಚೋಕ್ ಮಾಲೀಕರು ಮಾತ್ರ ಕುಳಿತೇ ಇದ್ದರು. ಬಿಲ್ಲೆಯನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಲ್ಲಿ ನಂಬರನ್ನು ಉಜ್ಜುತ್ತಿದ್ದರು.

"ಮೈನ್ಸ್‌ನಲ್ಲಾಗಿದ್ರೆ ಅರ್ಧ ಗಂಟೇಲಿ ಹುಡುಕ್ತಿದ್ವಿ ಮಾ," ಎಂದರು. "ನಾನು ಹಲಗೆ ತಂದೆ. ಬೆಳಗ್ಗೆ ನೋಡೋದು ಮಾತ್ರ ತಂದೆ. ಸಂಜೆ ನೋಡೋದು ಅಲ್ಲೇ ಬಿಟ್ಟುಬಂದೆ." ಬಿಲ್ಲೆಯನ್ನು ಮೇಜಿನ ಮೇಲಿಟ್ಟು, "ಅವತ್ತು ಅವಳ ಹಾಜರಿ ಬಿದ್ದಿದೆ, ಗೊತ್ತಾ?" ಎಂದರು.

ತಗಡಿನ ಡಬ್ಬ ಅಂದೇ ಹೋಯಿತು. ಸಂಜೆ ಅವರವರ ಬಿಲ್ಲೆ ಅವರವರೇ ಮೊಳೆಗೆ ಹಾಕಬೇಕು, ಹಲಗೆ ತುಂಬದೆ ಬೀಗ ಹಾಕುವಂತಿಲ್ಲ ಎಂದು ವಾಚ್‌ಮನ್‌ಗೆ ಹೇಳಿದರು. ಎರಡು ದಿನದ ರಜೆಯನ್ನೂ ಕಾಗದದ ಮೇಲೆ ಬರೆದು ರುಜು ಹಾಕಿದರು. ಹುಡುಗಿ ನಡೆಯುವಂತಾದಾಗ ಸ್ಟೂಲು ಖಾಲಿ ಇರುತ್ತದೆ ಎಂದರು. ಆ ಮಾತನ್ನು ನಡೆಸಿಕೊಟ್ಟರು.

ಅವಳು ನಡೆಯುವಂತಾಗಲು ಒಂದು ವರ್ಷದ ಮೇಲಾಯಿತು. ಕೃತಕ ಕಾಲು ಎರಡು ಸಲ ಹೊಂದಲಿಲ್ಲ. ನಡುವೆ ಒಮ್ಮೆ ಕಾರ್ಡು ತಿದ್ದಿಸಲು ಕಚೇರಿಗೆ ಬಂದಿದ್ದಳು. ಅಂಗವೈಕಲ್ಯದ ಹೊಸ ವೈದ್ಯಕೀಯ ಪ್ರಮಾಣಪತ್ರ ಮೇಜಿನ ಮೇಲಿಟ್ಟು, "ಪರ್ಸೆಂಟು ಜಾಸ್ತಿ ಆಗೈತಲ್ಲಮ್ಮಾ, ಈಗ್ಲಾದ್ರೂ ಗೌರ್ಮೆಂಟ್ ಕೆಲ್ಸ ಸಿಕ್ತದಾ?" ಎಂದು ಕೇಳಿದಳು. ವ್ಯಂಗ್ಯವಲ್ಲ, ನಿಜವಾಗಿ ಕೇಳಿದ್ದು. ನಾನು ಹಳೆಯ ಅಂಕಿಯನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಹೊಸದನ್ನು ಬರೆದೆ.

ಬೇರೆಯವರಿಗಾಗಿ ಸುತ್ತುವುದನ್ನು ನಿಲ್ಲಿಸಲಿಲ್ಲ. ಹೋದಲ್ಲೆಲ್ಲ ರಜೆ ಹಾಕುತ್ತಾರೆ ಎಂದೇ ಮೊದಲು ಹೇಳುತ್ತಿದ್ದೆ. ವರ್ಷ ಕಳೆದರೂ ಒಬ್ಬರೂ ಒಪ್ಪಲಿಲ್ಲ. ಡಬ್ಬದ ಕಾರ್ಡುಗಳು ಡಬ್ಬದಲ್ಲೇ ಇದ್ದವು. ಬಾಯಿ ಬಿದ್ದುಹೋಯಿತೇ ಎಂದು ಸಹೋದ್ಯೋಗಿಗಳು ಕೆಣಕಿದರು. ಹಳೆಯ ಮಾತನ್ನು ಆಡಿಬಿಡೋಣ ಎಂದು ನಾಲಿಗೆ ತುದಿಗೆ ಬಂದದ್ದೂ ಉಂಟು.

ಅವಳು ಕೆಲಸಕ್ಕೆ ಮರಳಿ ಏಳು ತಿಂಗಳಾದಾಗ ತಃಖ್ತೆಯ ನೆಪದಲ್ಲಿ ಹೋದೆ. ಮಾಲೀಕರು ಹಾಜರಿ ಪುಸ್ತಕ ತೆರೆದು ಹದಿನೇಳರ ಸಾಲು ತೋರಿಸಿದರು. ಒಂದು ರಜೆಯೂ ಇಲ್ಲ.

"ಎರಡು ದಿನ ಇದೆ ತಗೋಮ್ಮ ಅಂದೆ. ಬೇಡ ಅಂದ್ಳು. ನಾನೇನ್ ಮಾಡ್ಲಿ?"

ಸಂಜೆಯ ಗಂಟೆಯವರೆಗೂ ಹಲಗೆಯ ಪಕ್ಕದಲ್ಲಿ ಕುಳಿತೆ. ಹೆಂಗಸರು ಒಬ್ಬೊಬ್ಬರೇ ಬಂದು ಬಿಲ್ಲೆ ತಗಲಿಸಿ ಹೋದರು. ಎಲ್ಲರೂ ಹೋದ ಮೇಲೆ ಅವಳು ಬಂದಳು. ಗೋಡೆ ಹಿಡಿದು ಬಂದಳು.

"ಇನ್ನೂ ಇದೀರಾ ಅಮ್ಮಾ?"

"ಕಾಲು ಹೇಗಿದೆ?"

"ಸೆಂದಾಗೈತೆ."

"ತೋರಿಸು."

ಅವಳ ಮುಖ ಕೆಂಪಾಯಿತು. "ಏನೂ ಇಲ್ಲ ಅಂದ್ನಲ್ಲ. ಬಸ್ಸಿಗೊತ್ತಾಯ್ತು."

"ಬಸ್ಸು ಹೋದರೆ ಹೋಗಲಿ, ನಾನು ಊರಿಗೆ ಬಿಟ್ಟು ಬರುತ್ತೇನೆ. ತೋರಿಸು."

ಗೋಡೌನಿಗೆ ಹೋದೆವು. ಬೇರೆ ಮರೆ ಇರಲಿಲ್ಲ. ಅದೇ ಸುರುಳಿಗಳ ಹಿಂದೆ ಅವಳು ಲಂಗ ಎತ್ತಿ ಪಟ್ಟಿ ಬಿಚ್ಚಿದಳು. ಉಳಿದ ತೊಡೆಯ ತುದಿಯಲ್ಲಿ ಕಾಸಿನಗಲ ಚರ್ಮ ಸುಲಿದು ಕೆಂಪಾಗಿತ್ತು. ಮೇಲೆ ಅರಿಶಿನ.

ನಾನು ಎದ್ದು ಮಾಲೀಕರ ಕೋಣೆಗೆ ಹೊರಟೆ. ಹಿಂದಿನಿಂದ ಕೂಗಿದಳು.

"ಓಗ್ಬೇಡಿ ಅಮ್ಮಾ! ಈ ಕೆಲ್ಸಾನೂ ಓದ್ರೆ ನೀವ್ ಕೊಡ್ತೀರಾ? ವರ್ಸದಿಂದ ಸುತ್ತುತಾ ಇದೀರಲ್ಲ, ಒಬ್ರಿಗಾದ್ರೂ ಕೊಡ್ಸಿದೀರಾ?"

ಒಬ್ಬರಿಗೂ ಕೊಡಿಸಿರಲಿಲ್ಲ, ನಿಜ. ಹೋಗಿ ರಜೆಯ ಅರ್ಜಿ ಬರೆದೆ, ಅವಳಿಂದ ರುಜು ಹಾಕಿಸಿದೆ. ಹಳ್ಳಿಯವರೆಗೆ ಬಸ್ಸಿನಲ್ಲಿ ಪಕ್ಕದಲ್ಲೇ ಕುಳಿತು ಬಿಟ್ಟು ಬಂದೆ. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಆಮೇಲೂ ಬಹಳ ದಿನ ನನ್ನೊಡನೆ ಮಾತು ಬಿಟ್ಟಿದ್ದಳು.

ಮರುದಿನ ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಬಂಗಾರಪೇಟೆಯಲ್ಲಿ ಇಳಿದು ಆ ಕಾರ್ಖಾನೆಗೆ ಹೋದೆ. ಗಂಟೆ ಹೊಡೆದಾಗಿತ್ತು, ಯಂತ್ರಗಳು ಓಡುತ್ತಿದ್ದವು. ಗುಮಾಸ್ತ ಪುಸ್ತಕ ಹಿಡಿದು ಹಲಗೆಯ ಮುಂದೆ ನಿಂತಿದ್ದ. ಸಾಲಾಗಿ ಖಾಲಿ ಮೊಳೆಗಳು. ಹದಿನೇಳರಲ್ಲಿ ಬಿಲ್ಲೆ ನೇತಾಡುತ್ತಿತ್ತು.